ಓದುಗರ ಪ್ರಶ್ನೆಗಳಿಗೆ ಉತ್ತರ: ಎರಡನೆಯ ಮಹಾಯುದ್ಧದ ದಿಕ್ಕು ಬದಲಾದದ್ದು ಎಲ್ಲಿ?

ಪ್ರಶ್ನೆ: ಸ್ಟಾಲಿನ್‌ಗ್ರಾಡ್ ಕದನವೇ ಯುದ್ಧದ ದಿಕ್ಕನ್ನು ಬದಲಿಸಿತು ಎಂದು ಎಲ್ಲೆಡೆ ಓದುತ್ತೇವೆ. ಅದಕ್ಕೆ ಒಂದು ವರ್ಷ ಮೊದಲೇ ಜರ್ಮನರು ಮಾಸ್ಕೋ ಬಳಿ ಸೋತಿರಲಿಲ್ಲವೇ? ಹಾಗಿದ್ದ ಮೇಲೆ ಒಂದು ನಗರಕ್ಕೆ ಇಷ್ಟು ಮಹತ್ವ ಏಕೆ?

ಉತ್ತರ: ಸೋತಿದ್ದರು, ನಿಮ್ಮ ಸಂದೇಹ ನ್ಯಾಯವಾದದ್ದೇ. 1941ರ ಡಿಸೆಂಬರ್ 5ರಂದು ಮಾಸ್ಕೋದ ಹೊರವಲಯದಲ್ಲಿ ಆರಂಭವಾದ ಸೋವಿಯತ್ ಪ್ರತಿದಾಳಿಯಿಂದ, ಒಂದೇ ಬೇಸಿಗೆಯಲ್ಲಿ ರಷ್ಯಾವನ್ನು ಮುಗಿಸಿಬಿಡುವ ಹಿಟ್ಲರನ ಲೆಕ್ಕಾಚಾರ ತಲೆಕೆಳಗಾಯಿತು. ಎರಡು ದಿನಗಳ ನಂತರ ಜಪಾನ್ ಪರ್ಲ್ ಹಾರ್ಬರ್ ಮೇಲೆ ಎರಗಿತು. 11ರಂದು ಹಿಟ್ಲರ್ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಸಾರಿದ. ಯುದ್ಧದ ನಿಜವಾದ ತಿರುವು ಆ ಒಂದು ವಾರವೇ ಎನ್ನುವವರ ವಾದಕ್ಕೆ ನನ್ನ ಒಲವು ಹೆಚ್ಚು. ಆದರೂ 1942ರ ಬೇಸಿಗೆಯಲ್ಲಿ ಎಲ್ಲಿ, ಯಾವಾಗ ದಾಳಿ ಮಾಡಬೇಕೆಂಬ ಆಯ್ಕೆ ಇನ್ನೂ ಜರ್ಮನರ ಕೈಯಲ್ಲೇ ಇತ್ತು. ಆ ಆಯ್ಕೆ ಕೈಜಾರತೊಡಗಿದ್ದು ಸ್ಟಾಲಿನ್‌ಗ್ರಾಡ್‌ನಲ್ಲಿ.

ಆ ವರ್ಷ ಜರ್ಮನರಿಗೆ ಬೇಕಾಗಿದ್ದದ್ದು ಕಾಕಸಸ್ಸಿನ ತೈಲ, ಮುಖ್ಯವಾಗಿ ಬಾಕುವಿನ ಬಾವಿಗಳು. ಜುಲೈನಲ್ಲಿ ಹಿಟ್ಲರ್ ದಕ್ಷಿಣದ ತನ್ನ ಸೇನೆಯನ್ನು ಎರಡಾಗಿ ಒಡೆದು, ಒಂದು ಭಾಗವನ್ನು ತೈಲದ ಕಡೆಗೂ ಇನ್ನೊಂದನ್ನು ವೋಲ್ಗಾ ದಂಡೆಯ ಸ್ಟಾಲಿನ್‌ಗ್ರಾಡ್ ಕಡೆಗೂ ಏಕಕಾಲಕ್ಕೆ ಅಟ್ಟಿದ. ಎರಡಕ್ಕೂ ಸಾಲುವಷ್ಟು ಇಂಧನವಾಗಲಿ ವಾಹನಗಳಾಗಲಿ ಅವನಲ್ಲಿರಲಿಲ್ಲ. ನಗರದೊಳಗೆ ಸೋವಿಯತ್ 62ನೇ ಸೇನೆಯ ಚುಯ್ಕೋವ್, ತನ್ನ ಸೈನಿಕರನ್ನು ಕೈಬಾಂಬ್ ಎಸೆದರೆ ಮುಟ್ಟುವಷ್ಟು ಹತ್ತಿರದಲ್ಲಿ ಶತ್ರುವಿಗೆ ಅಂಟಿಕೊಂಡೇ ಇರುವಂತೆ ನಿಲ್ಲಿಸಿದ. ಮೇಲಿನಿಂದ ಬಾಂಬ್ ಹಾಕಿದರೆ ಅದು ತಮ್ಮವರ ತಲೆಯ ಮೇಲೂ ಬಿದ್ದೀತೆಂಬ ಅಳುಕಿನಿಂದ ಜರ್ಮನ್ ವಿಮಾನಗಳ ಕೈ ಕಟ್ಟಿದಂತಾಯಿತು. ಮದ್ದುಗುಂಡುಗಳೂ ಹೊಸ ಸೈನಿಕರೂ ರಾತ್ರಿಯ ಹೊತ್ತು ದೋಣಿಗಳಲ್ಲಿ ವೋಲ್ಗಾ ದಾಟಿ ಬರುತ್ತಿದ್ದರು.

ಆದರೆ ತೀರ್ಮಾನವಾದದ್ದು ನಗರದ ಹೊರಗೆ. ಜರ್ಮನ್ 6ನೇ ಸೇನೆ ಬೀದಿ ಕಾಳಗದಲ್ಲಿ ಸಿಕ್ಕಿಕೊಂಡಿದ್ದಾಗ ಅದರ ಎರಡು ಪಕ್ಕಗಳನ್ನು ಕಾಯುತ್ತಿದ್ದ ರುಮೇನಿಯಾದ ಸೇನೆಗಳ ಬಳಿ ಭಾರೀ ಟ್ಯಾಂಕುಗಳನ್ನು ತಡೆಯಬಲ್ಲ ಫಿರಂಗಿಗಳು ತೀರಾ ಕಡಿಮೆ ಇದ್ದವು. ನವೆಂಬರ್ 19ರಂದು ಉತ್ತರದಿಂದಲೂ ಮರುದಿನ ದಕ್ಷಿಣದಿಂದಲೂ ನುಗ್ಗಿದ ಸೋವಿಯತ್ ಪಡೆಗಳು 23ರಂದು ಕಲಾಚ್ ಬಳಿ ಕೂಡಿಕೊಂಡವು. ಅವುಗಳನ್ನು ತಡೆಯಲು ಹಿಂದೆ ಕಾದಿರಿಸಿದ್ದ ಜರ್ಮನ್ ಟ್ಯಾಂಕು ವಿಭಾಗದ ಸ್ಥಿತಿಯನ್ನು ಕೇಳಿದರೆ ನಗು ಬರಬಹುದು: ಇಂಧನ ಉಳಿಸಲೆಂದು ವಾರಗಟ್ಟಲೆ ಹುಲ್ಲು ಹೊದಿಸಿ ನಿಲ್ಲಿಸಿದ್ದ ಟ್ಯಾಂಕುಗಳ ಒಳಗೆ ಇಲಿಗಳು ಸೇರಿಕೊಂಡು ವಿದ್ಯುತ್ ತಂತಿಗಳನ್ನು ಕಡಿದುಹಾಕಿದ್ದರಿಂದ, ಹೊರಡಬೇಕಾದ ದಿನ ಅನೇಕ ಟ್ಯಾಂಕುಗಳು ಕದಲಲೇ ಇಲ್ಲ.

ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸುತ್ತುವರಿಯಲ್ಪಟ್ಟರು. ವಿಮಾನಗಳಿಂದಲೇ ಅವರನ್ನು ಸಾಕುತ್ತೇನೆಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟಿದ್ದ; ದಿನಕ್ಕೆ ಕನಿಷ್ಠ 300 ಟನ್ ಬೇಕಾಗಿದ್ದಲ್ಲಿ ಸರಾಸರಿ ಅದರ ಅರ್ಧದಷ್ಟೂ ತಲುಪಲಿಲ್ಲ. ಜರ್ಮನಿಯ ಯಾವ ಫೀಲ್ಡ್ ಮಾರ್ಷಲನೂ ಅಲ್ಲಿಯವರೆಗೆ ಶತ್ರುವಿಗೆ ಶರಣಾಗಿರಲಿಲ್ಲವಾದ್ದರಿಂದ, 6ನೇ ಸೇನೆಯ ದಂಡನಾಯಕ ಪೌಲಸ್ ಆತ್ಮಹತ್ಯೆ ಮಾಡಿಕೊಂಡಾನೆಂಬ ಎಣಿಕೆಯಿಂದ ಹಿಟ್ಲರ್ ಅವನಿಗೆ 1943ರ ಜನವರಿ 30ರಂದು ಆ ಪದವಿ ದಯಪಾಲಿಸಿದ. ಪೌಲಸ್ ಮರುದಿನವೇ ಸೆರೆಯಾದ. ಸೆರೆಸಿಕ್ಕ ಸುಮಾರು 91,000 ಮಂದಿಯಲ್ಲಿ ಮನೆಗೆ ಮರಳಿದವರು ಐದಾರು ಸಾವಿರ. ಆ ಜುಲೈನಲ್ಲಿ ಕುರ್ಸ್ಕ್ ಬಳಿ ಮಾಡಿದ ದಾಳಿಯೂ ವಿಫಲವಾದ ಮೇಲೆ, ಪೂರ್ವದಲ್ಲಿ ಅಂಥ ದೊಡ್ಡ ಆಕ್ರಮಣವನ್ನು ತಮ್ಮ ಇಷ್ಟದ ಜಾಗದಲ್ಲಿ ಆರಂಭಿಸುವ ಶಕ್ತಿ ಜರ್ಮನರಿಗೆ ಉಳಿಯಲಿಲ್ಲ.

ಪ್ರಶ್ನೆ: ಮಿಡ್‌ವೇ ಕದನದಲ್ಲಿ ಅಮೆರಿಕ ಗೆದ್ದದ್ದು ಬರೀ ಅದೃಷ್ಟದಿಂದ ಎನ್ನುತ್ತಾರೆ. ನಿಜವೇ?

ಉತ್ತರ: ಅದೃಷ್ಟದ ಪಾಲು ಖಂಡಿತ ಇತ್ತು, ಆದರೆ ಅದಕ್ಕೆ ನೆಲ ಹದಮಾಡಿದವರು ಬೇರೆಯವರು. ಜಪಾನೀ ಗೂಢಸಂದೇಶಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಎಎಫ್' ಎಂಬ ಗುರಿ ಮಿಡ್‌ವೇ ದ್ವೀಪವೇ ಎಂದು ಪರ್ಲ್ ಹಾರ್ಬರಿನಲ್ಲಿ ಗೂಢಲಿಪಿ ಭೇದಿಸುತ್ತಿದ್ದ ರೋಶ್‌ಫೋರ್ಟ್ ಎಂಬ ಅಧಿಕಾರಿಯ ತಂಡ ಊಹಿಸಿತ್ತು. ಅದನ್ನು ಖಚಿತಪಡಿಸಿಕೊಳ್ಳಲು, ಸಿಹಿನೀರಿನ ಯಂತ್ರ ಕೆಟ್ಟಿದೆ ಎಂಬ ಸುಳ್ಳು ಸುದ್ದಿಯನ್ನು ಯಾರಾದರೂ ಕೇಳಬಹುದಾದಂತೆ ಮಿಡ್‌ವೇಯಿಂದ ರೇಡಿಯೊದಲ್ಲಿ ಹೇಳಿಸಿದರು. ಸ್ವಲ್ಪದರಲ್ಲೇ 'ಎಎಫ್‌ನಲ್ಲಿ ನೀರಿನ ಅಭಾವವಿದೆ' ಎಂಬ ಜಪಾನೀ ಸಂದೇಶ ಸಿಕ್ಕಿತು. ಕೋರಲ್ ಸಮುದ್ರದ ಕದನದಲ್ಲಿ ಜಖಂಗೊಂಡು, ದುರಸ್ತಿಗೆ ಮೂರು ತಿಂಗಳಾದರೂ ಬೇಕೆಂದು ಅಂದಾಜು ಮಾಡಿದ್ದ ಯಾರ್ಕ್‌ಟೌನ್ ವಿಮಾನವಾಹಕ ನೌಕೆಯನ್ನು ಹಡಗುಕಟ್ಟೆಯ ಕೆಲಸಗಾರರು ಮೂರೇ ದಿನಗಳಲ್ಲಿ ಸಮುದ್ರಕ್ಕಿಳಿಸಿದರು. 1942ರ ಜೂನ್ 4ರ ಬೆಳಿಗ್ಗೆ ಅಮೆರಿಕದ ಟಾರ್ಪಿಡೊ ಸ್ಕ್ವಾಡ್ರನ್ 8ರ ಹದಿನೈದು ವಿಮಾನಗಳೂ ಉರುಳಿಬಿದ್ದು, ಅವುಗಳಲ್ಲಿದ್ದ ಮೂವತ್ತು ಮಂದಿಯಲ್ಲಿ ಒಬ್ಬ ಮಾತ್ರ ಬದುಕಿದ. ಇಂಥ ಸಾಲುಸಾಲು ದಾಳಿಗಳನ್ನು ಎದುರಿಸುವುದರಲ್ಲೇ ಜಪಾನೀ ಯುದ್ಧವಿಮಾನಗಳು ಮಗ್ನವಾಗಿದ್ದಾಗ, ಸುಮಾರು ಹತ್ತೂಕಾಲರ ನಂತರ ಮೇಲಿನಿಂದ ಎರಗಿದ ಡೈವ್ ಬಾಂಬರುಗಳು ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗ, ಸೋರ್ಯು ನೌಕೆಗಳಿಗೆ ಬೆಂಕಿಯಿಟ್ಟವು. ಸಂಜೆಯ ಹೊತ್ತಿಗೆ ಹಿರ್ಯು ಕೂಡ ಉರಿಯುತ್ತಿತ್ತು.

ಆ ಬಾಂಬರುಗಳು ಬಂದ ಗಳಿಗೆ ಅದೃಷ್ಟದ್ದು ಎನ್ನಿ. ಆದರೆ ಜಪಾನ್ ಅಂದು ಗೆದ್ದಿದ್ದರೂ ಅಮೆರಿಕದ ಹಡಗುಕಟ್ಟೆಗಳಲ್ಲಿ ಆಗಲೇ ನಿರ್ಮಾಣವಾಗುತ್ತಿದ್ದ ನೌಕೆಗಳನ್ನು ತಡೆಯಲು ಸಾಧ್ಯವಿರಲಿಲ್ಲ. 1944ರ ಜೂನ್‌ನಲ್ಲಿ ಫಿಲಿಪ್ಪೀನ್ ಸಮುದ್ರದ ಕದನಕ್ಕೆ ಅಮೆರಿಕ ತಂದ ವಿಮಾನವಾಹಕಗಳು ಹದಿನೈದು, ಜಪಾನಿನವು ಒಂಬತ್ತು. ಮಿಡ್‌ವೇಯಲ್ಲಿ ಜಪಾನ್ ಸೋತಿರದಿದ್ದರೆ ಯುದ್ಧ ಇನ್ನಷ್ಟು ಎಳೆಯುತ್ತಿತ್ತು. ಫಲಿತಾಂಶ ಬೇರೆಯಾಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಪ್ರಶ್ನೆ: ಇಂಫಾಲ ಮತ್ತು ಕೊಹಿಮಾ ಕದನಗಳನ್ನು ಈ ಸಾಲಿಗೆ ಸೇರಿಸಬಹುದೇ?

ಉತ್ತರ: ಬರ್ಮಾ ರಣರಂಗದ ಮಟ್ಟಿಗೆ ಧಾರಾಳವಾಗಿ ಸೇರಿಸಬಹುದು. 1944ರ ಮಾರ್ಚ್‌ನಲ್ಲಿ ಜಪಾನಿನ ಮುತಗುಚಿ, ಎದುರಾಳಿಯ ಉಗ್ರಾಣಗಳು ಬೇಗನೆ ಕೈವಶವಾಗುತ್ತವೆಂಬ ನಂಬಿಕೆಯಿಂದ ಸುಮಾರು ಮೂರು ವಾರಗಳ ಆಹಾರವನ್ನಷ್ಟೇ ಹೊರಿಸಿ ತನ್ನ ಸೇನೆಯನ್ನು ಬೆಟ್ಟಗಳ ಮೇಲೆ ಹತ್ತಿಸಿದ. ಕೊಹಿಮಾದಲ್ಲಿ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಎರಡು ಬದಿಗಳಲ್ಲಿ ಎರಡೂ ಕಡೆಯವರು ಕಂದಕ ತೋಡಿಕೊಂಡು ಕಾದಾಡಿದರು. ಸ್ಟಾಲಿನ್‌ಗ್ರಾಡ್‌ನಲ್ಲಿ ಗೋರಿಂಗನಿಗೆ ಆಗದಿದ್ದದ್ದು ಇಲ್ಲಿ ಬ್ರಿಟಿಷ್ ದಂಡನಾಯಕ ಸ್ಲಿಮ್‌ನ ಪಡೆಗೆ ಸಾಧ್ಯವಾಯಿತು: 5ನೇ ಭಾರತೀಯ ಡಿವಿಜನ್ ಬರ್ಮಾ ಕರಾವಳಿಯ ಅರಾಕಾನಿನಿಂದ ವಿಮಾನದಲ್ಲೇ ಬಂದಿಳಿಯಿತು, ಸುತ್ತುವರಿದ ಇಂಫಾಲಕ್ಕೆ ತಿಂಗಳುಗಟ್ಟಲೆ ವಿಮಾನಗಳಿಂದಲೇ ಸರಬರಾಜಾಯಿತು. ಜೂನ್ 22ರಂದು ರಸ್ತೆ ತೆರೆಯಿತು. ಹಸಿವು, ಕಾಯಿಲೆ, ಮಳೆಗೆ ಸಿಕ್ಕ ಜಪಾನೀ ಪಡೆ ಹಿಂದೆಗೆಯಿತು.

ಪ್ರಶ್ನೆ: ನಾರ್ಮಂಡಿ ದಾಳಿ ಇಲ್ಲದಿದ್ದರೆ ಹಿಟ್ಲರ್ ಉಳಿಯುತ್ತಿದ್ದನೇ?

ಉತ್ತರ: ಉಳಿಯುತ್ತಿದ್ದನೆಂದು ಹೇಳುವುದು ಕಷ್ಟ. 1944ರ ಜೂನ್ 6ರಂದು ಸುಮಾರು 1,56,000 ಸೈನಿಕರು ನಾರ್ಮಂಡಿಯಲ್ಲಿ ಇಳಿದದ್ದು ಮಹತ್ತರ ಸಾಹಸವೇ ಸರಿ. ಅದೇ ತಿಂಗಳ 22ರಂದು ಬೆಲಾರೂಸಿನಲ್ಲಿ ಆರಂಭವಾದ ಸೋವಿಯತ್ ದಾಳಿ, ಜುಲೈ 3ರ ಹೊತ್ತಿಗೆ ಮಿನ್ಸ್ಕ್ ನಗರವನ್ನು ಮರಳಿ ಪಡೆದು, ಜರ್ಮನರ ಮಧ್ಯ ಸೇನಾಸಮೂಹವನ್ನೇ ಧ್ವಂಸಮಾಡಿತು. 'ಬಗ್ರಾತಿಯೋನ್' ಎಂಬ ಇದರ ಹೆಸರು ಕೇಳಿದವರು ಮಾತ್ರ ಕಡಿಮೆ. ಎರಡೂ ಒಂದೇ ಬೇಸಿಗೆಯಲ್ಲಿ ನಡೆದದ್ದರಿಂದ, ಒಂದು ಕಡೆಯ ತೂತು ಮುಚ್ಚಲು ಇನ್ನೊಂದು ಕಡೆಯಿಂದ ಪಡೆ ತರಿಸುವ ದಾರಿ ಜರ್ಮನಿಗೆ ಬಹುಮಟ್ಟಿಗೆ ಮುಚ್ಚಿಹೋಯಿತು.