ಏರಿನಲ್ಲೇ ಸ್ವಲ್ಪ ಉಳಿಸಿಕೊಳ್ಳಿ

ಸರ್, ಗುಡ್ಡದ ದಾರಿಯ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು) ತಯಾರಿ, ಸೈಕಲಿನ 90 ಕಿಲೋಮೀಟರ್ ಸಲೀಸು, ಆದರೆ ಓಟದ ಅರ್ಧಕ್ಕೆ ತಲೆ ಸುತ್ತುತ್ತದೆ, ನೀರು ಇನ್ನೂ ಜಾಸ್ತಿ ಕುಡಿಯಬೇಕಾ ಎಂದು ಕೇಳಿದ್ದೀರಿ. ನನಗನಿಸುವಂತೆ ತೊಂದರೆ ಶುರುವಾಗುವುದು ಸೈಕಲಿನ ಏರುಗಳಲ್ಲೇ.

ಏರಿನಲ್ಲಿ ವೇಗ ಕಡಿಮೆ, ಮೈಗೆ ಗಾಳಿ ತಾಗುವುದಿಲ್ಲ. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಬೆವರು ಆರುವುದೂ ಇಲ್ಲ, ಸುಮ್ನೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಹಾಗಾಗಿ ಮೈ ಕಾಯುತ್ತದೆ, ಆ ಬಿಸಿಯೇ ಓಟದಲ್ಲಿ ಕಾಡುವುದು. ಎದ್ದು ನಿಂತು ತುಳಿದರೆ ಕೇಳುವುದೇ ಬೇಡ. ಏರಿನಲ್ಲಿ ತುಳಿತ ಹಗುರವಾಗಲು ಹಿಂದಿನ ಚಕ್ರಕ್ಕೆ 32 ಹಲ್ಲಿನ ಗೇರ್ ಹಾಕಿಸಿ, ಮಾತಾಡಲು ಉಸಿರು ಉಳಿಯುವಷ್ಟೇ ತುಳಿಯಿರಿ. ಬೇರೆಯವರು ದಾಟಿ ಹೋದರೆ ಹೋಗಲಿ.

ನೀರಿಗೆ ಬರುತ್ತೇನೆ. ಮುಳ್ಳೇರಿಯ ಕಡೆ ಒಂದು ಗಂಟೆ ತುಳಿದು ಬನ್ನಿ, ಹೋಗುವ ಮೊದಲೂ ಬಂದ ಮೇಲೂ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಹೋಯಿತು. ನಡುವೆ ಕುಡಿದದ್ದನ್ನೂ ಕೂಡಿಸಿ. ಅದಕ್ಕಿಂತ ಜಾಸ್ತಿ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದು ಅಪಾಯ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಉಪ್ಪು ಬೇರೆ ಬೇಕು. ಏರು ಮುಗಿದು ಸಮತಟ್ಟು ಸಿಕ್ಕಿದ ಕೂಡಲೇ ಕುಡಿಯಿರಿ, ಇಳಿಜಾರಿನಲ್ಲಿ ಕೈ ಬ್ರೇಕಿನ ಮೇಲಿರಲಿ.

ಅಭ್ಯಾಸವೆಲ್ಲ ಬಿಸಿಲೇರುವ ಮೊದಲೇ ಅಲ್ವಾ? ಸ್ಪರ್ಧೆಯ ಹಿಂದಿನ 10–14 ದಿನ ಸ್ವಲ್ಪ ಹೊತ್ತು ಬಿಸಿಲಿನಲ್ಲೂ ನಿಧಾನವಾಗಿ ಓಡಿ, ಮೈ ಒಗ್ಗುತ್ತದೆ. ಸ್ಪರ್ಧೆಯ ದಿನ ನೀರು ಸಿಕ್ಕಿದಲ್ಲೆಲ್ಲ ತಲೆಗೆ, ಕುತ್ತಿಗೆಗೆ ಸುರಿದುಕೊಳ್ಳಿ. ಐಸ್ ಕೊಟ್ಟರೆ ಟೋಪಿಯೊಳಗೆ ಇಟ್ಟುಕೊಳ್ಳಿ. ಬಿಸಿಲಿನಲ್ಲೂ ಚಳಿ ಹಿಡಿದ ಹಾಗಾದರೆ, ಮಾತು ತಡವರಿಸಿದರೆ ಮಾತ್ರ ಪದಕ ಮರೆತು ಅಲ್ಲೇ ನಿಲ್ಲಿ, ವೈದ್ಯರನ್ನು ಕರೆಯಿರಿ.