ಎರಿಯಲ್ಲಿ ಬಿಳಿ ಬಲೆ, ಹುಳು: ತುಡುವೆ ಜೇನು ಉಳಿಸಿಕೊಳ್ಳಲು

ನಿಮ್ಮ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆಯ ಎರಿಯಲ್ಲಿ, ಅಂದರೆ ನೊಣ ಕಟ್ಟಿದ ಮೇಣದ ಹಲ್ಲೆಯಲ್ಲಿ, ಬಿಳಿ ಬಲೆ, ಒಳಗೆ ಹುಳು, ಜೇನುನೊಣಗಳೂ ಕಡಿಮೆ ಅಂದಿದ್ದೀರಿ. ಅದು ಮೇಣದ ಪತಂಗದ ಹುಳುವೇ ಇರಬೇಕು. ಮಳೆಗಾಲದಲ್ಲಿ ಕುಟುಂಬ (ಒಂದು ಗೂಡಿನ ನೊಣಗಳೆಲ್ಲ) ಸೊರಗಿ ಎರಿ ಖಾಲಿ ಬಿದ್ದಾಗ ಇದು ಸೇರಿಕೊಳ್ಳುತ್ತದೆ. ತಡ ಮಾಡಬೇಡಿ, ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ನನ್ನದೊಂದು ಕುಟುಂಬ ಹಾಗೇ ಹೋಯಿತು, ಇವತ್ತಿಗೂ ಬೇಜಾರಿದೆ.

ಮಳೆ ಬಿಟ್ಟ ಹೊತ್ತು ನೋಡಿ ಪೆಟ್ಟಿಗೆ ತೆರೆಯಿರಿ. ಮೊದಲು ಬಲೆ ಕಟ್ಟಿದ ಎರಿಗಳನ್ನು ತೆಗೆದು ಸುಟ್ಟುಬಿಡಿ. ಆಮೇಲೆ ಅಡಿಹಲಗೆ ಕೆರೆದು ಒರೆಸಿ. ಅಲ್ಲಿ ಬಿದ್ದ ಮೇಣದ ಪುಡಿಯಲ್ಲೂ ಹುಳು ಬೆಳೆಯುತ್ತದೆ. ನೊಣಗಳು ಮುತ್ತಿಕೊಂಡಿರುವಷ್ಟು ಎರಿ ಮಾತ್ರ ಉಳಿಸಿ, 2-3 ಇದ್ದರೂ ಸಾಕು. ಸಕ್ಕರೆ, ನೀರು ಸಮಸಮ ಕರಗಿಸಿ ಕತ್ತಲಾದ ಮೇಲೆ ಕರಟದಲ್ಲಿ ಒಳಗಿಡಿ. ಹಗಲು ಕೊಟ್ಟರೆ ಬೇರೆ ಗೂಡಿನ ನೊಣಗಳು ಲೂಟಿಗೆ ಬರುತ್ತವೆ. ಪಾಕದ ಮೇಲೆ ನಾಲ್ಕು ಕಡ್ಡಿ ಹಾಕಿ, ಇಲ್ಲದಿದ್ದರೆ ನೊಣ ಮುಳುಗುತ್ತವೆ. ಇರುವೆ ಬರದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ.

ಮೊಟ್ಟೆ ಇಡುವ ರಾಣಿ ನೊಣ ಇದೆಯಾ ಅಂತ ನೀವು ಬರೆದದ್ದರಿಂದ ಗೊತ್ತಾಗಲಿಲ್ಲ. ಕೋಣೆಗಳ ತಳದಲ್ಲಿ ಒಂದೊಂದೇ ಮೊಟ್ಟೆ ಕಂಡರೆ ಇದೆ ಅಂತಲೇ ತಿಳಿಯಿರಿ. ಕಾಣದಿದ್ದರೆ ಗಾಬರಿ ಬೇಡ, ಮೇವಿಲ್ಲದ್ದಕ್ಕೂ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಿರಬಹುದು. ಒಂದು ವಾರ ಪಾಕ ಕೊಟ್ಟು ಮತ್ತೆ ನೋಡಿ. ಆಗಲೂ ಮೊಟ್ಟೆ, ಮರಿ ಏನೂ ಇಲ್ಲದಿದ್ದರೆ ಎರಡು ಪೆಟ್ಟಿಗೆಗಳ ನಡುವೆ ನ್ಯೂಸ್‌ಪೇಪರ್ ಹಾಸಿ ಇನ್ನೊಂದು ಕುಟುಂಬಕ್ಕೆ ಸೇರಿಸಿಬಿಡಿ.