ಬೋರ್ಡು ತರಿಸುವ ಮೊದಲು ರ‍್ಯಾಮ್ ತೆಗೆದು ನೋಡಿ

ನಾಯ್ಕರೇ, ಕಂಪ್ಯೂಟರಿನ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪವೂ ಹತ್ತುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ, ಎಸ್‌ಎಂಪಿಎಸ್ (ಕರೆಂಟು ಪೂರೈಸುವ ಪೆಟ್ಟಿಗೆ) ಬದಲಿಸಿದರೂ ಫಲವಿಲ್ಲದ್ದರಿಂದ ಇನ್ನು ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಫಲಕ) ತರಿಸುತ್ತೇನೆ ಎಂದು ನೀವು ಬರೆದದ್ದನ್ನು ಓದಿದಾಗ ನನ್ನದೇ ಹಳೆಯ ಕಥೆ ಓದಿದಂತಾಯಿತು. ದಯವಿಟ್ಟು ಎರಡು ದಿನ ತಡೆಯಿರಿ, ಮೊದಲು ರ‍್ಯಾಮ್, ಅಂದರೆ ಬೋರ್ಡಿಗೆ ಸಿಕ್ಕಿಸುವ ಮೆಮೊರಿ ಕಡ್ಡಿ, ತೆಗೆದು ನೋಡಿ.

ನಾಲ್ಕು ಮಳೆಗಾಲದ ಹಿಂದೆ, ಶಿರಸಿಯಲ್ಲಿ ಮದುವೆ ಮುಗಿಸಿ ಹತ್ತು ದಿನಗಳ ನಂತರ ಕಾರವಾರದ ಮನೆಗೆ ಮರಳಿದಾಗ ನನ್ನ ಯಂತ್ರವೂ ಹೀಗೆಯೇ ಮುಷ್ಕರ ಹೂಡಿತ್ತು. ನಾನೂ ಮೊದಲು ಎಸ್‌ಎಂಪಿಎಸ್ ಕೊಂಡೆ, ಆಮೇಲೆ ಅಂಗಡಿಯವರ ಮಾತು ನಂಬಿ ಬೋರ್ಡನ್ನೂ ಕೊಂಡೆ, ಹಳೆಯ ರ‍್ಯಾಮನ್ನೇ ಅದಕ್ಕೂ ಸಿಕ್ಕಿಸಿದ್ದರಿಂದ ಹೊಸ ಬೋರ್ಡೂ ಕಣ್ಣು ಬಿಡಲಿಲ್ಲ. ಬೇಸತ್ತು ರ‍್ಯಾಮನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಅದರ ಚಿನ್ನದ ಬಣ್ಣದ ಹಲ್ಲುಗಳು ಅಟ್ಟದಲ್ಲಿ ಬಿದ್ದಿದ್ದ ಹಿತ್ತಾಳೆ ಹರಿವಾಣದಂತೆ ಮಂಕಾಗಿ ಕಂಡವು. ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಉಜ್ಜಿ, ಹಳೆಯ ಬೋರ್ಡಿಗೇ ಹಾಕಿದೆ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕೊಂಡ ಬೋರ್ಡು ಇಂದಿಗೂ ಕಪಾಟಿನ ಮೇಲೆ ನನ್ನನ್ನು ಅಣಕಿಸುತ್ತ ಕುಳಿತಿದೆ.

ಗೋಡೆಯ ಪ್ಲಗ್ಗು ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟನ್ನು ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿದ ನಂತರವೇ ರ‍್ಯಾಮಿಗೆ ಕೈ ಹಾಕಿ. ಅಪ್ಸರಾದ ಬಿಳಿ ರಬ್ಬರ್ ಸಾಕು. ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಏಕೆಂದರೆ ಚಿನ್ನದ ಲೇಪನ ಬಹಳ ತೆಳು. ಒಳಗಿನಿಂದ ಅಂಚಿನ ಕಡೆಗೆ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಅದರಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಕಡ್ಡಿ ಕೂರುವ ಸ್ಲಾಟಿಗೆ ಬಾಯಿಯಿಂದ ಊದಬೇಡಿ, ಉಸಿರಿನ ತೇವವೇ ಅಲ್ಲಿ ಕೂರುತ್ತದೆ. ತುಕ್ಕು ಬಿಡಿಸುವ ಸಾಮಾನ್ಯ ಡಬ್ಲ್ಯೂಡಿ-40 ಸ್ಪ್ರೇ ಸಿಂಪಡಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದರ ಎಣ್ಣೆ ಒಳಗೇ ಉಳಿಯುತ್ತದೆ. ಬಳಿಕ ಒಂದೇ ಕಡ್ಡಿಯನ್ನು, ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ, ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿ. ಆಗಲಿಲ್ಲವೆಂದರೆ ಇನ್ನೊಂದು ಕಡ್ಡಿ, ಆಮೇಲೆ ಇನ್ನೊಂದು ಸ್ಲಾಟು. ರ‍್ಯಾಮ್ ಡಿಡಿಆರ್5 ಎಂಬ ಹೊಸ ಬಗೆಯದಾಗಿದ್ದರೆ ಮೊದಲ ಸಲ ಪರದೆ ಬೆಳಗಲು ಕೆಲವು ನಿಮಿಷ ಹಿಡಿಯಬಹುದು, ಅವಸರದಿಂದ ಆಫ್ ಮಾಡಬೇಡಿ.

ಹಾಗೆಂದು ಎಲ್ಲವೂ ರ‍್ಯಾಮಿನದೇ ತಪ್ಪಲ್ಲ. ನೀವು ಎಸ್‌ಎಂಪಿಎಸ್ ಬದಲಿಸಿದ್ದೀರಿ. ಪ್ರೊಸೆಸರಿನ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ತಂತಿಯನ್ನು ಸಿಕ್ಕಿಸಿದ್ದೀರಾ? ಅದೊಂದು ಮರೆತರೂ ಫ್ಯಾನು ತಿರುಗುತ್ತದೆ, ಪರದೆ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ಕೇಬಲ್ ಕಾರ್ಡಿಗೇ ಹೋಗಬೇಕು, ಬೋರ್ಡಿಗಲ್ಲ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ಲು 3 ವೋಲ್ಟಿನದು, ಅಳೆದಾಗ 2.7ಕ್ಕಿಂತ ಇಳಿದಿದ್ದರೆ ಬದಲಿಸಿ, ಆದರೆ ಬಿಡಿಯಾಗಿ ಮಾರುವ ಹೆಸರಿಲ್ಲದ ಸೆಲ್ಲುಗಳನ್ನು ತರಬೇಡಿ; ಮ್ಯಾಕ್ಸೆಲ್ ಅಥವಾ ಪ್ಯಾನಸೋನಿಕ್ ನನಗೆ ಚೆನ್ನಾಗಿ ಬಾಳಿವೆ.

ಇನ್ನು ನಾಲ್ಕೈದು ಸೆಕೆಂಡು ನಡೆದು ತಾನಾಗಿ ನಿಲ್ಲುವ ಯಂತ್ರವಾದರೆ ಕ್ಯಾಬಿನೆಟ್ಟಿನ ಮುಂಭಾಗದ ಪವರ್ ಗುಂಡಿಯನ್ನು ಅನುಮಾನಿಸಿ. ನಮ್ಮ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಒತ್ತಿದಂತೆಯೇ ಸಿಕ್ಕಿಕೊಳ್ಳುತ್ತದೆ, ಒತ್ತಿ ಹಿಡಿದರೆ ಆಫ್ ಆಗುವುದು ಬೋರ್ಡಿನ ಧರ್ಮ. ಗುಂಡಿಯ ತಂತಿ ಕಿತ್ತು, ಬೋರ್ಡಿನ ಆ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ಕ್ಷಣಕಾಲ ತಾಗಿಸಿ ನೋಡಿದರೆ ತಿಳಿಯುತ್ತದೆ. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಳಸಲಿ ಬಿಡಲಿ, ನಾನು ದಿನಕ್ಕೆ ಅರ್ಧ ಗಂಟೆ ಯಂತ್ರವನ್ನು ಓಡಿಸುತ್ತೇನೆ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಾಕಿದ್ದೇನೆ. ಗುಡುಗು ಶುರುವಾದ ಮೇಲೆ ಓಡಿ ಹೋಗುವ ಬದಲು, ಮೋಡ ಕಟ್ಟುವಾಗಲೇ ಪವರ್ ಪ್ಲಗ್ಗಿನ ಜೊತೆ ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸದ್ಯಕ್ಕೆ ರ‍್ಯಾಮಿನ ಹಲ್ಲುಗಳ ಹಾಗೂ ಆ ಎಂಟು ಪಿನ್ನಿನ ಜಾಗದ ಫೋಟೊ ಇಲ್ಲಿ ಹಾಕಿ.